ಲೇಖನಭಂಡಾರದ ಬಾಗಿಲಲ್ಲಿ

ಪದವಿ ತರಗತಿಯ ವಿದ್ಯಾರ್ಥಿಗಳು ಸಂಶೋಧನ ಪ್ರಬಂಧವೊಂದನ್ನು ಬರೆದೊಪ್ಪಿಸಬೇಕೆಂಬ ರೂಢಿ ನಮ್ಮ ಕಾಲದಲ್ಲಿ ಇರಲಿಲ್ಲ. ಸಂಶೋಧನೆಯೆಂದರೆ ಎಂ.ಎ. ಮುಗಿಸಿ, ಉದ್ಯೋಗಕ್ಕೆ ಸೇರಿ, ಹತ್ತು ವರ್ಷ ಪಾಠ ಹೇಳಿ, ಆ ಬಳಿಕ ಕೈಕೊಳ್ಳಬೇಕಾದ ವಾನಪ್ರಸ್ಥದಂತಹ ಒಂದು ಆಶ್ರಮವೆಂದು ನಾವು ಬಗೆದಿದ್ದೆವು. ಈಗ ಪುತ್ತೂರು, ಸುಳ್ಯ, ಕಡಬಗಳ ಕಡೆಯ ಹತ್ತೊಂಬತ್ತು ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಸಹ ತಮ್ಮ ತಮ್ಮ ವಿಷಯದಲ್ಲಿ ಹಿಂದಿನವರು ಏನು ಬರೆದಿದ್ದಾರೆಂಬುದನ್ನು ಹುಡುಕಿ, ಓದಿ, ಅದರ ಮೇಲೆ ತಮ್ಮದೊಂದು ಮಾತನ್ನು ಹೇಳಬೇಕಾಗಿದೆ. ಹೇಳುವ ಮಾತು ಹೇಗೂ ಇರಲಿ, ಹುಡುಕುವ ಕೆಲಸವೇ ಮೊದಲಿನ ತೊಡಕು. ಆ ತೊಡಕನ್ನು ಕುರಿತು ನನಗೆ ತಿಳಿದಷ್ಟನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಅಂತರಜಾಲದಲ್ಲಿ ಯಾವುದೋ ನಾಲ್ಕು ಪದಗಳನ್ನು ಒತ್ತಿ, ಬಂದುದನ್ನು ಹೆಕ್ಕಿಕೊಳ್ಳುವುದು ಒಂದು ಕ್ರಮ. ಗ್ರಂಥಾಲಯದವರು ಡೇಟಾಬೇಸ್ ಎಂದು ಕರೆಯುವ ಲೇಖನಭಂಡಾರದೊಳಗೆ ಹುಡುಕುವುದು ಇನ್ನೊಂದು ಕ್ರಮ. ಮೊದಲನೆಯದು ಸಂತೆ, ಅಲ್ಲಿ ಬಾಯಿ ದೊಡ್ಡದಿದ್ದವನ ಸರಕು ಮುಂದೆ ನಿಲ್ಲುತ್ತದೆ. ಎರಡನೆಯದು ಕಣಜ, ಅಲ್ಲಿ ಯಾವ ಧಾನ್ಯ ಯಾವ ಗದ್ದೆಯಿಂದ ಯಾವ ಸಾಲಿನಲ್ಲಿ ಬಂತೆಂಬ ಚೀಟಿ ಪ್ರತಿಯೊಂದು ಮುಡಿಗೂ ಕಟ್ಟಿರುತ್ತದೆ. ಲೇಖಕನ ಹೆಸರು, ಪತ್ರಿಕೆ, ಸಂಪುಟ, ವರ್ಷ, ವಿಷಯಸೂಚಕ ಪದಗಳು, ಸಾರಾಂಶ, ಇವಿಷ್ಟೇ ಆ ಚೀಟಿ. ಚೀಟಿಯನ್ನು ಓದಬಲ್ಲವನಿಗೆ ಕಣಜ ತೆರೆಯುತ್ತದೆ.

ನಾನು ಎಂ.ಎ. ಓದಿದ್ದು 1980ರ ದಶಕದ ಆದಿಯಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪನೆಗೊಂಡು ಆಗಷ್ಟೆ ಕಣ್ಣುಬಿಡುತ್ತಿತ್ತು. ಬರ್ನೆಲ್ ಸಾಹೇಬರು ತುಳುವರ ಭೂತಾರಾಧನೆಯನ್ನು ಕುರಿತು ಸಂಗ್ರಹಿಸಿದ ಬರಹ ಅವರು ತೀರಿಕೊಂಡ ಮೇಲೆ, 1894ರಿಂದ 1897ರ ವರೆಗೆ, ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕಂತು ಕಂತಾಗಿ ಅಚ್ಚಾಗಿತ್ತೆಂದು ಯಾರೋ ಹಿರಿಯರು ಹೇಳಿದ್ದರು. ಅದರಲ್ಲಿ ಕೋಟಿ ಚೆನ್ನಯರ ಪಾಡ್ದನವಿದೆ. ನಮ್ಮ ಪುತ್ತೂರು ಸೀಮೆಯ ಪಡುಮಲೆಯ ಕಥೆ. ಆ ಸಂಪುಟಗಳನ್ನು ಕಾಣಲು ಬಸ್ಸು ಹತ್ತಿ ಹೋಗಿ, ದಿನವಿಡೀ ಕುಳಿತು, ಪೆನ್ಸಿಲಿನಲ್ಲಿ ಪ್ರತಿಮಾಡಿ ತಂದೆ. ಅದೇ ಸಂಪುಟಗಳು ಇಂದು ಅಂತರಜಾಲದ ಸಂಗ್ರಹಗಳಲ್ಲಿ ಹಣ ಕೊಡದೆ ದೊರೆಯುತ್ತವೆ. ಕಡಬದ ಕಡೆಯ ಗುಡ್ಡದ ಮೇಲಿನ ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ, ಕರೆಂಟೂ ಟವರೂ ಏಕಕಾಲಕ್ಕೆ ಕೃಪೆ ಮಾಡಿದ್ದೇ ಆದರೆ, ಐದು ನಿಮಿಷದಲ್ಲಿ ತೆರೆದು ಓದಬಹುದು. ಹಳೆಯ ಕಷ್ಟವನ್ನು ಹೊಗಳುವವನು ನಾನಲ್ಲ. ನನ್ನ ಬೆರಳು ನೋಯಿಸಿಕೊಂಡುದರಿಂದ ಬರ್ನೆಲ್ಲರ ಬರಹವೇನೂ ಹೆಚ್ಚು ಅರ್ಥವಾಗಲಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನನಗೆ ದಾರಿ ತೋರಿಸಲು ಒಬ್ಬ ಹಿರಿಯರಿದ್ದರು. ಇಂದಿನ ವಿದ್ಯಾರ್ಥಿಯ ಮುಂದೆ ಒಂದು ಖಾಲಿ ಚೌಕವಿದೆ. ಅದರೊಳಗೆ ಅವನು ಪದವೊಂದನ್ನು ಬರೆಯಬೇಕು. ಯಾವ ಪದ? ಬರ್ನೆಲ್ಲರ ಬರಹದ ಶೀರ್ಷಿಕೆಯಲ್ಲಿರುವುದು ಭೂತಾರಾಧನೆಯೆಂಬ ಮಾತಲ್ಲ. ತುಳುವರ ‘ಡೆವಿಲ್ ವರ್ಶಿಪ್’ ಎಂಬ, ನಮಗೆ ಇಂದು ಕಿವಿಗೆ ಒರಟಾಗುವ ಮಾತು. 1975ರಲ್ಲಿ ಪೀಟರ್ ಕ್ಲಾಸ್ ಎಂಬ ಅಮೆರಿಕದ ವಿದ್ವಾಂಸರು ಸಿರಿ ಆಚರಣೆಯನ್ನು ಕುರಿತು ಎತ್ನಾಲಜಿ ಪತ್ರಿಕೆಯಲ್ಲಿ ಬರೆದಾಗ ಅವರು ಬಳಸಿದ್ದು ಪೊಸೆಶನ್ ಎಂಬ ಪದವನ್ನು, ಎಂದರೆ ಮೈಮೇಲೆ ಬರುವುದು. ಭೂತ ಎಂಬುದನ್ನೇ ರೋಮನ್ ಲಿಪಿಯಲ್ಲಿ ಹಕಾರ ಸೇರಿಸಿಯೂ ಬಿಟ್ಟೂ, ದೀರ್ಘ ತೋರಿಸಿಯೂ ತೋರಿಸದೆಯೂ ನಾಲ್ಕೈದು ಬಗೆಯಾಗಿ ಬರೆದವರಿದ್ದಾರೆ. ದೈವ ಎಂದವರು ಬೇರೆ. ಒಂದೇ ಕೋಲದ ಕಳದಲ್ಲಿ ನಿಂತವರು ಆರು ಹೆಸರುಗಳಲ್ಲಿ ಬರೆದಿಟ್ಟರೆ, ಒಂದು ಹೆಸರಿನಲ್ಲಿ ಹುಡುಕಿದವನಿಗೆ ಆರರಲ್ಲೊಂದು ಪಾಲು ಮಾತ್ರ ದಕ್ಕುತ್ತದೆ. ಉಳಿದ ಐದು ಪಾಲು ಇಲ್ಲವೆಂದೇ ಅವನು ತಿಳಿಯುತ್ತಾನೆ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರೆಂಬುದು ನಮ್ಮ ಜಿಲ್ಲೆಯಲ್ಲಿಯೇ ಅನೇಕರಿಗೆ ತಿಳಿಯದು. ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದ ತಿರುಳು ಇಷ್ಟು: ಯಾವ ವಿಷಯವೂ ಇಡಿಯಾಗಿ ಒಂದು ಗಂಟಲ್ಲ, ಹಲವು ಮುಖಗಳ ಜೋಡಣೆ. ವಸ್ತು ಯಾವುದು, ಅದಕ್ಕೆ ಆದುದೇನು, ಎಲ್ಲಿ, ಯಾವಾಗ, ಹೀಗೆ ಬಿಡಿಸಿ ನೋಡಬೇಕು. ಕಂಪ್ಯೂಟರ್ ನಮ್ಮ ಕಾಲೇಜುಗಳ ಹೊಸ್ತಿಲು ದಾಟುವುದಕ್ಕೆ ಎಷ್ಟೋ ಮೊದಲು ಹೇಳಿದ ಈ ಮಾತೇ ಇಂದಿಗೂ ಲೇಖನ ಹುಡುಕುವವನಿಗೆ ಅತ್ಯುತ್ತಮ ಸಾಧನವೆಂದು ನನ್ನ ಅಭಿಪ್ರಾಯ. ಚೌಕದ ಮುಂದೆ ಕೂರುವ ಮೊದಲು ಒಂದು ಹಾಳೆಯ ಮೇಲೆ ತನ್ನ ಪ್ರಶ್ನೆಯನ್ನು ಮುಖಗಳಾಗಿ ಒಡೆದು, ಒಂದೊಂದು ಮುಖದ ಕೆಳಗೂ ಅದಕ್ಕಿರುವ ಎಲ್ಲ ಹೆಸರುಗಳನ್ನು ಬರೆದುಕೊಳ್ಳಬೇಕು. ಕಾಗದ ಪೆನ್ಸಿಲುಗಳ ಕೆಲಸ ಅಲ್ಲಿಗೆ ಮುಗಿಯುತ್ತದೆ, ಆದರೆ ಅಲ್ಲಿಂದಲೇ ಆರಂಭವಾಗಬೇಕು.

ಉದಾಹರಣೆಯಿಲ್ಲದೆ ಇದು ಒಣಮಾತಾದೀತು. ನಾನು ನಿವೃತ್ತನಾದ ಮೇಲೆ, ಸುಳ್ಯದ ಮೂಡಣ ಭಾಗದ ಒಂದು ಹಳ್ಳಿಯ ವಿದ್ಯಾರ್ಥಿನಿ ನನ್ನಲ್ಲಿಗೆ ಬಂದಳು. ವಿಷಯ ಅಡಿಕೆಯ ಹಳದಿ ಎಲೆ ರೋಗ. ನಾನು ಕನ್ನಡದ ಅಧ್ಯಾಪಕ, ಅಡಿಕೆಯ ಶಾಸ್ತ್ರ ನನ್ನದಲ್ಲ. ಆದರೂ ಹುಡುಕುವ ಕ್ರಮ ಎಲ್ಲ ಶಾಸ್ತ್ರಕ್ಕೂ ಒಂದೇ ಎಂದು ಕೂರಿಸಿಕೊಂಡೆ. ಅವಳಿಗೆ ಅದು ಬರಿಯ ಅಂಕದ ಪ್ರಶ್ನೆಯಾಗಿರಲಿಲ್ಲ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆಗಳಲ್ಲಿ ತೋಟಕ್ಕೆ ತೋಟವೇ ಹಳದಿಗಟ್ಟಿ ನಿಂತುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅವಳ ಮನೆಯ ತೋಟದಲ್ಲಿ ಫಲ ಅರ್ಧಕ್ಕಿಂತ ಕೆಳಗಿಳಿದಿತ್ತು. ಮರ ಕಡಿದು ಬೇರೆ ಬೆಳೆ ಹಾಕುವುದೆ, ಅಡಿಕೆಯನ್ನೇ ಮರುನಾಟಿ ಮಾಡುವುದೆ ಎಂದು ತಂದೆ ಎರಡು ವರ್ಷದಿಂದ ತೂಗುತ್ತಿದ್ದರು. ಅಂಗಡಿಯವರು ಹೇಳಿದ ಔಷಧಕ್ಕೆಲ್ಲ ಹಣ ಸುರಿದಾಗಿತ್ತು.

ಅವಳು ಮೊದಲು ಅರಿಕಾ ನಟ್ ಎಂದು ಇಂಗ್ಲಿಷಿನಲ್ಲಿ ಎರಡು ಪದವಾಗಿ ಬರೆದು ಹುಡುಕಿದ್ದಳು. ಬಂದುವು ಲೇಖನಗಳು, ಸಾವಿರ ಸಾವಿರವಾಗಿ; ಆದರೆ ತೋಟದವಲ್ಲ, ಆಸ್ಪತ್ರೆಯವು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರ ತನ್ನ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತಷ್ಟೆ. ಬಾಯಿಯ ರೋಗಗಳನ್ನು ಕುರಿತ ವೈದ್ಯಕೀಯ ಸಾಹಿತ್ಯ ಅಪಾರವಾಗಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಬ್‌ಮೆಡ್ ಭಂಡಾರದಲ್ಲಿ ಅಡಿಕೆಯೆಂದರೆ ಪ್ರಧಾನವಾಗಿ ಅಗಿಯುವ ವಸ್ತು, ಬೆಳೆಯುವ ಮರವಲ್ಲ. ತೋಟದ ಮಗಳು ತನ್ನ ತೋಟದ ಗತಿಯನ್ನು ಕೇಳಿದರೆ ಭಂಡಾರವು ಅವಳಿಗೆ ಅರ್ಬುದದ ಚಿತ್ರಗಳನ್ನು ತೋರಿಸಿತು. ಇನ್ನು ಹಳದಿ ಎಲೆ ರೋಗವೆಂದು ಮಾತ್ರ ಬರೆದರೆ ಕಬ್ಬಿನ ಹಳದಿ ಎಲೆ ರೋಗ ಮುಂದೆ ನಿಲ್ಲುತ್ತದೆ. ಅದು ವೈರಸ್ಸಿನಿಂದ ಬರುವ ಬೇರೆಯೇ ರೋಗ.

ಇಲ್ಲಿಯೇ ಜಾರ್ಜ್ ಬೂಲ್ ಎಂಬ ಗಣಿತಜ್ಞನ ಉಪಕಾರ ಒದಗುವುದು. ಚಿಂತನೆಯ ನಿಯಮಗಳನ್ನು ಕುರಿತು ಆತ 1854ರಲ್ಲಿ ಬರೆದ ಗ್ರಂಥದ ತರ್ಕವೇ ಇಂದು ಪ್ರತಿಯೊಂದು ಭಂಡಾರದ ಒಳಗೆ ಕೆಲಸ ಮಾಡುತ್ತಿದೆ. ಮೂರೇ ಮೂರು ಅವ್ಯಯಗಳು: ಮತ್ತು, ಅಥವಾ, ಹೊರತು. ಇಂಗ್ಲಿಷಿನಲ್ಲಿ ಆ್ಯಂಡ್, ಆರ್, ನಾಟ್. ಒಂದೇ ಮುಖದ ಪರ್ಯಾಯ ಹೆಸರುಗಳನ್ನು ‘ಅಥವಾ’ದಿಂದ ಕೂಡಿಸಿ ಆವರಣದೊಳಗೆ ಇಡಬೇಕು; ಬೇರೆ ಬೇರೆ ಮುಖಗಳನ್ನು ‘ಮತ್ತು’ವಿನಿಂದ ಬೆಸೆಯಬೇಕು. ಅಡಿಕೆಗೆ ಅರಿಕಾನಟ್ ಎಂಬ ಒಂದೇ ಪದ, ಅರಿಕಾ ನಟ್ ಎಂಬ ಎರಡು ಪದ, ಬೀಟಲ್ ನಟ್ ಎಂಬ ತಪ್ಪು ರೂಢಿಯ ಹೆಸರು, ಅರಿಕಾ ಕ್ಯಾಟೆಚು ಎಂಬ ಶಾಸ್ತ್ರೀಯ ನಾಮ, ಈ ನಾಲ್ಕೂ ಒಂದು ಆವರಣ. ಹಳದಿ ಎಲೆ ರೋಗದ ಇಂಗ್ಲಿಷ್ ಹೆಸರು ಉದ್ಧರಣ ಚಿಹ್ನೆಯೊಳಗೆ, ಅಥವಾ ಅದಕ್ಕೆ ಕಾರಣವೆಂದು ಗುರುತಿಸಲಾದ ಫೈಟೋಪ್ಲಾಸ್ಮ, ಇದು ಎರಡನೆಯ ಆವರಣ. ಎರಡರ ನಡುವೆ ಒಂದು ‘ಮತ್ತು’. ‘ಹೊರತು’ ಎಂಬುದನ್ನು ಮಾತ್ರ ಜಿಪುಣನಂತೆ ಬಳಸಬೇಕು. ಬೇಡವಾದುದನ್ನು ಕಳೆಯಹೋಗಿ ಬೇಕಾದುದನ್ನೂ ಅದು ಕಳೆಯುತ್ತದೆ. ಈ ರೀತಿ ಕಟ್ಟಿದ ಪ್ರಶ್ನೆಗೆ ಸಾವಿರಾರು ಲೇಖನಗಳ ಬದಲು, ಒಬ್ಬಳು ಹುಡುಗಿ ಒಂದು ತಿಂಗಳಲ್ಲಿ ಓದಿ ಮುಗಿಸಬಹುದಾದಷ್ಟು ಲೇಖನಗಳು ಉಳಿದುವು. ರೋಗವನ್ನು ಕೇರಳದಲ್ಲಿ 1914ರಷ್ಟು ಹಿಂದೆಯೇ ಗಮನಿಸಲಾಗಿತ್ತೆಂದೂ ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಸಾಗಿಸುತ್ತದೆಂದೂ ತಗುಲಿದ ಮರವನ್ನು ಗುಣಪಡಿಸುವ ಮದ್ದು ಇಲ್ಲವೆಂದೂ ಅವುಗಳಿಂದ ಅವಳು ತಿಳಿದುಕೊಂಡಳು. ಕೊನೆಯ ಮಾತನ್ನು ಓದಿದ ದಿನ ಅವಳು ಬಹಳ ಹೊತ್ತು ಸುಮ್ಮನಿದ್ದಳು.

ನಮ್ಮ ಕೊಳೆರೋಗದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡದ ವಿಜ್ಞಾನಿ 1910ರಲ್ಲಿ ಪ್ರಕಟಿಸಿದ ವರದಿಯ ಶೀರ್ಷಿಕೆಯಲ್ಲಿಯೇ ಕೊಳೆರೋಗವೆಂಬ ಕನ್ನಡ ಪದವನ್ನು ಇಟ್ಟರು. ಹೀಗಾಗಿ ಆ ಪದ ಜಗತ್ತಿನ ಸೂಚಿಗಳಲ್ಲೆಲ್ಲ ಸೇರಿಹೋಗಿದೆ. ಹಾಗೆಂದು ಆ ಪದವನ್ನಷ್ಟೇ ಒತ್ತಿದರೆ ಕಾಫಿ ಬರುತ್ತದೆ. ಏಕೆಂದರೆ ಕಾಫಿಗಿಡದ ಎಲೆ ಕೊಳೆಯುವ ಇನ್ನೊಂದು ಶಿಲೀಂಧ್ರಕ್ಕೂ 1876ರಷ್ಟು ಹಿಂದೆಯೇ ಕೊಳೆರೋಗದ ಹೆಸರನ್ನೇ ಶಾಸ್ತ್ರೀಯವಾಗಿ ಅಂಟಿಸಲಾಗಿತ್ತು. ಅಡಿಕೆಯ ಕೊಳೆಗೆ ಕಾರಣವಾದ ಫೈಟೋಫ್ತೋರದ ಹೆಸರು ಸಹ ಒಂದೇ ಆಗಿ ಉಳಿಯಲಿಲ್ಲ. ಕೋಲ್ಮನ್ನರು ಅದನ್ನು ಒಮ್ನಿವೋರದ ಒಂದು ಪ್ರಭೇದವೆಂದರು. ಅನಂತರ ಅದಕ್ಕೆ ಅರಿಕೆ ಎಂಬ ಸ್ವತಂತ್ರ ನಾಮ ಬಂತು. ಈಚಿನ ಅಧ್ಯಯನಗಳು ನಮ್ಮ ಕಡೆಯಲ್ಲಿ ಮುಖ್ಯವಾದುದು ಮೀಡಿಯೈ ಎನ್ನುತ್ತವೆ. ಒಂದೊಂದು ಹೆಸರೂ ಒಂದೊಂದು ಕಾಲದ ಕೋಣೆಯ ಬೀಗದ ಕೈ. ಕಾಸರಗೋಡಿನ ಕಡೆಯವರು ಮಹಾಳಿ ಎನ್ನುವುದನ್ನೂ ಪಟ್ಟಿಗೆ ಸೇರಿಸಬೇಕು. ಇಂಗ್ಲಿಷಿನ ಲೇಖನಗಳಲ್ಲಿಯೂ ಆ ಪದ ಸಿಗುತ್ತದೆ.

ಊರಿನ ಹೆಸರಿನಲ್ಲಿಯೂ ಇಂತಹ ಮೋಸಗಳಿವೆ. ಪುತ್ತೂರೆಂದು ಹುಡುಕಿದವನಿಗೆ ಆಂಧ್ರದ ಪುತ್ತೂರು ಎದುರಾಗುತ್ತದೆ. ಅಲ್ಲಿ ಮುರಿದ ಎಲುಬನ್ನು ಕಟ್ಟುವ ನಾಟಿ ವೈದ್ಯ ಪ್ರಸಿದ್ಧವಾದುದರಿಂದ ಅದನ್ನು ಕುರಿತ ಲೇಖನಗಳು ನಮ್ಮ ಗೇರುಬೀಜದ ಲೇಖನಗಳ ಜೊತೆ ಕಲಸಿಕೊಳ್ಳುತ್ತವೆ. ಕಡಬವೆಂದರೆ ಇತಿಹಾಸಕಾರರಿಗೆ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಕಡಬ. ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಶಾಸನದಿಂದ ಹೆಸರಾದುದು. ನಮ್ಮ ಕಡಬ ತಾಲೂಕಾದರೂ ಪುತ್ತೂರು ಸುಳ್ಯಗಳಿಂದ ಈಚೆಗೆ ಒಡೆದು ಬಂದದ್ದು. ಅದಕ್ಕೆ ಹಿಂದಿನ ಲೇಖನಗಳಲ್ಲಿ ಆ ಗ್ರಾಮಗಳೆಲ್ಲ ಹಳೆಯ ತಾಲೂಕುಗಳ ಹೆಸರಿನಲ್ಲಿವೆ. ಇನ್ನೂ ಹಿಂದಕ್ಕೆ ಹೋದರೆ ದಕ್ಷಿಣ ಕನ್ನಡವೆಂಬ ಹೆಸರೂ ಸಿಗದು. ಸೌತ್ ಕೆನರಾ ಎಂದು ಹುಡುಕಬೇಕು, ಸಿ ಅಕ್ಷರದಿಂದ ಒಮ್ಮೆ, ಕೆ ಅಕ್ಷರದಿಂದ ಒಮ್ಮೆ. 1956ರ ವರೆಗೆ ಕಾಸರಗೋಡು, 1997ರ ವರೆಗೆ ಉಡುಪಿ ಅದರೊಳಗೇ ಇದ್ದುವೆಂಬುದನ್ನು ಮರೆತರೆ ಅಂಕಿಸಂಖ್ಯೆಗಳೆಲ್ಲ ತಲೆಕೆಳಗಾಗುತ್ತವೆ.

ಇತಿಹಾಸದ ವಿದ್ಯಾರ್ಥಿಗೆ 1837ರ ಸಂಗತಿಯೊಂದೇ ಸಾಕು. ಕೊಡಗು 1834ರಲ್ಲಿ ಕಂಪೆನಿಯ ವಶವಾಗಿ, ಅಮರಸುಳ್ಯ ಮಾಗಣೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದ ಮೇಲೆ, ಧಾನ್ಯರೂಪದ ಕಂದಾಯವನ್ನು ನಗದಿನಲ್ಲಿ ಕೊಡಬೇಕಾದ ರೈತರು ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರಿನ ಮಾರ್ಗವಾಗಿ ಏಪ್ರಿಲ್ 5ರಂದು ಮಂಗಳೂರನ್ನು ಸೇರಿದರು. ಇದನ್ನು ನಮ್ಮ ಜನ ಕಲ್ಯಾಣಪ್ಪನ ಕಾಟಕಾಯಿ ಎಂದರು. ಇಂದಿನ ಬರಹಗಾರರು ಅಮರಸುಳ್ಯದ ಸ್ವಾತಂತ್ರ್ಯ ಸಮರವೆನ್ನುತ್ತಾರೆ. ಕಂಪೆನಿಯ ಕಡೆಯವರ ಬರಹಗಳಲ್ಲಿ ಅದು ಕೊಡಗಿನ, ಇಲ್ಲವೆ ಕೆನರಾದ ದಂಗೆ. ಗೆದ್ದವನ ಹೆಸರಿನಲ್ಲಿ ಹುಡುಕದೆ ಸೋತವನ ದಾಖಲೆ ಕೈಗೆ ಬರುವುದಿಲ್ಲ. ಸುಳ್ಯವೆಂಬ ಒಂದೇ ಹೆಸರಿಗೆ ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಕಾಗುಣಿತಗಳಿವೆಯೆಂದು ಬೇರೆ ಹೇಳಬೇಕಾಗಿಲ್ಲ.

ಕನ್ನಡದಲ್ಲಿಯೇ ಬರೆದ ಸಂಶೋಧನೆಗಳನ್ನು ಹುಡುಕುವವನ ಪಾಡು ಹೆಚ್ಚು ಕಷ್ಟದ್ದು, ಇದನ್ನು ಸಂಕಟದಿಂದ ಹೇಳುತ್ತಿದ್ದೇನೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮದಂತೆ ಪಿಎಚ್.ಡಿ. ಮಹಾಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಭಂಡಾರಕ್ಕೆ ಸೇರತೊಡಗಿದುವು. ಈಗ ಅಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ, ಹಣ ಕೊಡಬೇಕಾಗಿಲ್ಲ. ನಮ್ಮ ಕನ್ನಡದ ಪ್ರಬಂಧಗಳೂ ಅಲ್ಲಿವೆ. ಆದರೆ ಬಹಳಷ್ಟು ಪುಟಗಳು ಬರಿಯ ಚಿತ್ರಗಳು. ಅವುಗಳೊಳಗಿನ ಅಕ್ಷರವನ್ನು ಯಂತ್ರ ಓದಲಾರದು. ಇನ್ನು ಕೆಲವು ನುಡಿ ಮೊದಲಾದ ಹಳೆಯ ಲಿಪಿತಂತ್ರಗಳಲ್ಲಿ ಬೆರಳಚ್ಚಾದವು. ನೋಡುವ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡಿನಲ್ಲಿ ಬರೆದ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ಶೀರ್ಷಿಕೆಯನ್ನು ಒಬ್ಬರು ಕನ್ನಡ ಲಿಪಿಯಲ್ಲಿಯೂ ಇನ್ನೊಬ್ಬರು ರೋಮನ್ ಲಿಪಿಯಲ್ಲಿಯೂ ಮತ್ತೊಬ್ಬರು ಇಂಗ್ಲಿಷಿಗೆ ಅನುವಾದಿಸಿಯೂ ದಾಖಲಿಸಿರುತ್ತಾರೆ. ಆದುದರಿಂದ ಮೂರೂ ಬಗೆಯಾಗಿ ಹುಡುಕಬೇಕು. ಅದೂ ಸೋತರೆ ವಿಶ್ವವಿದ್ಯಾನಿಲಯದ ಹೆಸರನ್ನು, ಅದರೊಳಗೆ ಕನ್ನಡ ವಿಭಾಗವನ್ನು ಆಯ್ದು, ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಕಣ್ಣಿನಿಂದಲೇ ಓದಬೇಕು. ಪ್ರಬುದ್ಧ ಕರ್ನಾಟಕ, ಪರಿಷತ್ಪತ್ರಿಕೆಗಳಂತಹ ಹಳೆಯ ಸಂಚಿಕೆಗಳಿಗೆ ಇಂದಿಗೂ ಕಾಲೇಜಿನ ಕಪಾಟಿನ ಬೈಂಡು ಸಂಪುಟಗಳೇ ಗಟ್ಟಿ ಆಧಾರ. ಧೂಳಿಗೆ ಹೆದರಬಾರದು.

ಪ್ರವೇಶದ ಮಾತಿಗೆ ಬರೋಣ. ವಿದೇಶದ ಪ್ರಕಾಶಕರು ಒಂದೊಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರು ಕೇಳುವುದುಂಟು. ಅಷ್ಟು ಹಣದಲ್ಲಿ ನಮ್ಮ ಮಕ್ಕಳ ತಿಂಗಳ ಬಸ್ಸಿನ ಪಾಸು ಆಗಿ ಮಿಗುತ್ತದೆ. ಕಾಲೇಜುಗಳಿಗಾಗಿ 2010ರಲ್ಲಿ ಎನ್-ಲಿಸ್ಟ್ ಎಂಬ ಯೋಜನೆ ಆರಂಭವಾಯಿತು. ಕಾಲೇಜು ಸದಸ್ಯತ್ವ ಪಡೆದರೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಅಧ್ಯಾಪಕನಿಗೂ ಪ್ರತ್ಯೇಕ ಗುಪ್ತಪದ ದೊರೆಯುತ್ತದೆ, ಮನೆಯಿಂದಲೇ ಓದಬಹುದು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು. ಸ್ತುತ್ಯವಾದ ಕಾರ್ಯ. ಆದರೆ ಮೊದಲಿಗೆ ಇದು ಸರಕಾರ ನಡೆಸುವ ಸಂಸ್ಥೆಗಳಿಗೆ ಮಾತ್ರ. ಬೆಳ್ಳಾರೆಯ ಸರಕಾರಿ ಕಾಲೇಜಿನಂಥವು ಇದರ ಬಾಗಿಲ ಒಳಗೆ ನಿಲ್ಲುತ್ತವೆ. 1958ರಲ್ಲಿ ಆರಂಭವಾದ ಪುತ್ತೂರಿನ ಸಂತ ಫಿಲೋಮಿನಾ, 1965ರ ವಿವೇಕಾನಂದ, 1976ರ ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜುಗಳಂತಹ, ಮೂರು ತಲೆಮಾರನ್ನು ಓದಿಸಿದ ಖಾಸಗಿ ಆಡಳಿತದ ಸಂಸ್ಥೆಗಳು ಹೊರಗೆ. ಒಂದೇ ಬಸ್ಸಿನಲ್ಲಿ ಬರುವ ಇಬ್ಬರು ಗೆಳತಿಯರಲ್ಲಿ ಒಬ್ಬಳಿಗೆ ಲೇಖನ ತೆರೆಯುವುದು, ಇನ್ನೊಬ್ಬಳಿಗೆ ತೆರೆಯದಿರುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಬಾಗಿಲು ಮುಚ್ಚಿದ್ದರೂ ಕಿಟಕಿಗಳಿವೆ. ಮುಕ್ತ ಪ್ರವೇಶದ ಪತ್ರಿಕೆಗಳ ಸೂಚಿಯೊಂದು 2003ರಿಂದ ನಡೆಯುತ್ತಿದೆ. ಕೃಷಿ ವಿಶ್ವವಿದ್ಯಾನಿಲಯಗಳ ಪ್ರಬಂಧಗಳು ಕೃಷಿಕೋಶದಲ್ಲಿವೆ. ಲೇಖಕರಿಗೆ ವಿನಯದಿಂದ ಎರಡು ಸಾಲು ಮಿಂಚಂಚೆ ಬರೆದರೆ ಬಹುಮಂದಿ ತಮ್ಮ ಲೇಖನವನ್ನು ಸಂತೋಷದಿಂದ ಕಳುಹಿಸುತ್ತಾರೆ. ನಮ್ಮವರಿಗೆ ಇನ್ನೊಂದು ಭಾಗ್ಯವುಂಟು. ಗೇರು ಸಂಶೋಧನೆಯ ರಾಷ್ಟ್ರಮಟ್ಟದ ಕೇಂದ್ರ 1986ರಿಂದ ಪುತ್ತೂರಿನಲ್ಲಿಯೇ ಇದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನ ಸಂಸ್ಥೆಯ ಶಾಖೆ ವಿಟ್ಲದಲ್ಲಿಯೂ ಕಡಬ ತಾಲೂಕಿನ ಕಿದುವಿನಲ್ಲಿಯೂ ಇದೆ. ಅಮೆರಿಕದ ಭಂಡಾರದಲ್ಲಿ ದುಡ್ಡು ಕೇಳುವ ಲೇಖನದ ಕರ್ತೃ ನಮ್ಮ ಬಸ್ಸಿನ ಪಕ್ಕದ ಆಸನದಲ್ಲಿಯೇ ಕುಳಿತಿರುವ ಸಂಭವವುಂಟು!

ಒಂದು ಎಚ್ಚರಿಕೆ. ಈಚೆಗೆ ಒಬ್ಬ ವಿದ್ಯಾರ್ಥಿ ಕೃತಕ ಬುದ್ಧಿಮತ್ತೆಯ ಯಂತ್ರವೊಂದನ್ನು ಕೇಳಿ ಏಳು ಲೇಖನಗಳ ಪಟ್ಟಿಯನ್ನು ತಂದ. ಲೇಖಕ, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲವೂ ಲಕ್ಷಣವಾಗಿದ್ದುವು. ಒಂದೊಂದಾಗಿ ಭಂಡಾರದಲ್ಲಿ ನೋಡಿದೆವು. ಮೂರು ಲೇಖನಗಳು ಎಲ್ಲಿಯೂ ಇರಲಿಲ್ಲ. ಯಾರೂ ಅವನ್ನು ಬರೆದಿರಲಿಲ್ಲ. ಪತ್ರಿಕೆಗಳು ನಿಜ, ಸಂಪುಟಗಳು ನಿಜ, ಆ ಪುಟಗಳಲ್ಲಿದ್ದುದು ಬೇರೆ ಬರಹ. ತೆರೆದು ಓದದ ಲೇಖನವನ್ನು ಉಲ್ಲೇಖಿಸಬಾರದೆಂಬ ಹಳೆಯ ಕಟ್ಟಳೆಗೆ ಹೊಸ ಕಾರಣವೊಂದು ದೊರೆತಂತಾಯಿತು.

ಸುಳ್ಯದ ಆ ಹುಡುಗಿ ಕೊನೆಗೆ ಹದಿನೆಂಟು ಲೇಖನಗಳನ್ನು ಓದಿದಳು. ಈಚಿನ ಒಂದು ಲೇಖನದ ಅಡಿಯಲ್ಲಿದ್ದ ಉಲ್ಲೇಖಗಳನ್ನು ಹಿಡಿದು ಹಿಂದಕ್ಕೆ, ಅದನ್ನು ಉಲ್ಲೇಖಿಸಿದವರನ್ನು ಹಿಡಿದು ಮುಂದಕ್ಕೆ ಹೋಗುವ ಉಪಾಯವನ್ನು ನಾನು ಹೇಳುವ ಮೊದಲೇ ಕಂಡುಕೊಂಡಿದ್ದಳು. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದಳು, ಅದು ನಿಯಮ. ಅವಳ ತಂದೆ ಮಾತ್ರ ಅದನ್ನು ಕೈಯಲ್ಲಿ ಹಿಡಿದು, ಇದರಲ್ಲಿ ನಮ್ಮ ತೋಟಕ್ಕೇನಿದೆ, ಕನ್ನಡದಲ್ಲಿ ಹೇಳು ಎಂದರಂತೆ. ಅವಳು ಇನ್ನೊಂದು ವಾರ ಕುಳಿತು ನಾಲ್ಕು ಪುಟ ಬರೆದಳು. ಫೈಟೋಪ್ಲಾಸ್ಮಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಲು ನನ್ನಲ್ಲಿಗೆ ಬಂದಿದ್ದಳು. ಆ ಪದವನ್ನು ಹಾಗೆಯೇ ಇಡು, ಹುಡುಕುವವರಿಗೆ ಬೇಕಾದೀತು ಎಂದೆ. ರೋಗವನ್ನು ತಾಳಿಕೊಂಡು ನಿಂತ ಮರಗಳಿಂದ ಬೀಜ ಆಯ್ದು ಸಸಿ ಮಾಡುವ ಪ್ರಯೋಗಗಳ ಮಾತು ಮೂರನೆಯ ಪುಟದಲ್ಲಿ ಬರುತ್ತದೆ. ಮಳೆ ಬಿಟ್ಟ ಮೇಲೆ ತಂದೆ ಆ ಪುಟವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ವಿಟ್ಲದ ಬಸ್ಸು ಹತ್ತಿದರು.